ಬೆಳಕಿನ ಆಲಯವನ್ನು ಕಟ್ಟಿದ ಮಠಾಧಿಪತಿ ಸುಜೇರರು

ದೇವಾಲಯವೊಂದು ನೂರು ಸಂವತ್ಸರಗಳನ್ನು ಪೂರೈಸಿದಾಗ ಅದನ್ನು ಕಟ್ಟಿದವರನ್ನು ಕೃತಜ್ಞತೆಯಿಂದ ನೆನೆಯುವುದು ಹಿರಿಯರಿಂದ ಬಂದ ಸತ್ಸಂಪ್ರದಾಯ. ಅಸ್ತಿಭಾರ ಹಾಕಿಸಿದ ಗುರುಗಳ ಹೆಸರು ಕಲ್ಲಿನ ಫಲಕದಲ್ಲಿ ಉಳಿಯುತ್ತದೆ. ಕಲ್ಲು ಹೊತ್ತವರ, ಗಾರೆ ಕಲಸಿದವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಇಂತಹ ಸಂದರ್ಭದಲ್ಲಿ ಸುಮಾರು ಒಂಬತ್ತು ಶತಮಾನಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಬಾಳಿದ ಒಬ್ಬ ದೇವಾಲಯ ನಿರ್ಮಾಪಕರ ಚರಿತ್ರೆಯನ್ನು ಓದುಗರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯದ ಅವಳಿ ಗೋಪುರಗಳನ್ನೂ ಬೆಂಗಳೂರಿನ ಸಂತ ಮರಿಯಮ್ಮನವರ ಮಹಾದೇವಾಲಯದ ಚೂಪು ಕಮಾನುಗಳನ್ನೂ ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಆ ಗಾಥಿಕ್ ಶೈಲಿಯ ಮೂಲವನ್ನು ಅರಸುತ್ತ ಹೋದರೆ ನಾವು ಬಂದು ನಿಲ್ಲುವುದು ಪ್ಯಾರಿಸ್ ನಗರದ ಉತ್ತರಕ್ಕಿರುವ ಸೇಂ-ದೆನಿ ಪಟ್ಟಣದಲ್ಲಿ, ಮಠಾಧಿಪತಿ ಸುಜೇರರು ಕಟ್ಟಿಸಿದ ದೇವಾಲಯದ ಬಾಗಿಲಿನಲ್ಲಿ.

ಸುಜೇರರು ಸುಮಾರು 1081ರಲ್ಲಿ ಸಾಮಾನ್ಯ ಮನೆತನವೊಂದರಲ್ಲಿ ಜನಿಸಿದರು. ಹತ್ತು ವರ್ಷದ ಬಾಲಕನಾಗಿದ್ದಾಗಲೇ ತಂದೆ ಅವರನ್ನು ಸಂತ ದೆನಿಸರ ಮಠಕ್ಕೆ ಒಪ್ಪಿಸಿದರು. ಪ್ಯಾರಿಸ್ಸಿನ ಪ್ರಥಮ ಧರ್ಮಾಧ್ಯಕ್ಷರಾಗಿ ಮೂರನೆಯ ಶತಮಾನದಲ್ಲಿ ರಕ್ತಸಾಕ್ಷಿಗಳಾದ ಸಂತ ದೆನಿಸರ ಸಮಾಧಿಯ ಮೇಲೆ ಎದ್ದ ಮಠವದು. ಏಳನೆಯ ಶತಮಾನದಲ್ಲಿ ಅರಸ ದಗೋಬೆರನು ಅದಕ್ಕೆ ಹೇರಳವಾಗಿ ದತ್ತಿ ಬಿಟ್ಟಿದ್ದನು. ಫ್ರಾನ್ಸಿನ ಅರಸರು ಸತ್ತ ಮೇಲೆ ಅಲ್ಲಿಯೇ ಮಣ್ಣಾಗಬೇಕೆಂಬ ವಾಡಿಕೆಯೂ ಬೆಳೆದುಬಂದಿತ್ತು. ಮುಂದೆ ಆರನೆಯ ಲೂಯಿ ಎಂದು ಪಟ್ಟವೇರಲಿದ್ದ ರಾಜಕುಮಾರನೂ ಅದೇ ಮಠದಲ್ಲಿ ವಿದ್ಯೆ ಕಲಿತನು. ಅರಸು ಮಗನಿಗೂ ಬಡವನ ಮಗನಿಗೂ ಬೆಳೆದ ಸ್ನೇಹ ಇಬ್ಬರ ಬಾಳಿನ ಉದ್ದಕ್ಕೂ ನಿಂತಿತು.

ಸುಜೇರರದು ಕುಳ್ಳು ದೇಹ, ಆದರೆ ಅಸಾಧಾರಣ ಸ್ಮರಣಶಕ್ತಿ, ಚತುರವಾದ ಮಾತು. ತಾರುಣ್ಯದಲ್ಲಿಯೇ ಮಠದ ಜಮೀನುಗಳ ಆಡಳಿತ ಅವರ ಕೈಗೆ ಬಂದಿತು. ನಾರ್ಮಂಡಿಯ ಬೆರ್ನೆವಾಲಿನಲ್ಲಿ, ಅನಂತರ ತೂರಿ ಎಂಬ ಗ್ರಾಮದಲ್ಲಿ ಅವರು ಮಠದ ಪ್ರತಿನಿಧಿಯಾಗಿದ್ದರು. ತೂರಿಯ ರೈತರನ್ನು ನೆರೆಯ ಕೋಟೆಯ ಪಾಳೆಯಗಾರ ಸುಲಿದು ತಿನ್ನುತ್ತಿದ್ದನು. ಸುಜೇರರು ಅರಸನ ನೆರವನ್ನು ಬೇಡಿದರು. 1111ರಲ್ಲಿ ಆ ಕೋಟೆ ನೆಲಸಮವಾಯಿತು. ಹೊಲ, ಕಣಜ, ಲೆಕ್ಕದ ಪುಸ್ತಕಗಳ ನಡುವೆ ಕಳೆದ ಈ ವರ್ಷಗಳು ವ್ಯರ್ಥವಾಗಲಿಲ್ಲ. ಮುಂದೆ ಅವರು ಕಟ್ಟಿಸಿದ ಆಲಯದ ಅಸ್ತಿಭಾರ ನಿಜವಾಗಿ ಇಲ್ಲಿಯೇ ಬಿದ್ದಿತೆಂದು ನಮಗೆ ತೋರುತ್ತದೆ.

1122ರಲ್ಲಿ ಅವರು ಅರಸನ ಕಾರ್ಯನಿಮಿತ್ತ ಇಟಲಿಗೆ ಹೋಗಿ ಮರಳುತ್ತಿದ್ದಾಗ, ಮಠಾಧಿಪತಿಗಳು ತೀರಿಕೊಂಡರೆಂದೂ ಸನ್ಯಾಸಿಗಳು ತಮ್ಮನ್ನೇ ಆ ಸ್ಥಾನಕ್ಕೆ ಆರಿಸಿರುವರೆಂದೂ ದಾರಿಯಲ್ಲಿಯೇ ಸುದ್ದಿ ಮುಟ್ಟಿತು. ಅದರ ಹಿಂದೆಯೇ ಇನ್ನೊಂದು ಸುದ್ದಿ: ತನ್ನ ಅಪ್ಪಣೆಯಿಲ್ಲದೆ ಆಯ್ಕೆ ನಡೆಯಿತೆಂದು ಅರಸನು ಕೋಪಗೊಂಡು, ವಿಷಯ ತಿಳಿಸಲು ಬಂದ ಸನ್ಯಾಸಿಗಳನ್ನು ಸೆರೆಯಲ್ಲಿಟ್ಟಿದ್ದಾನೆ. ಸುಜೇರರು ಊರು ಸೇರುವ ವೇಳೆಗೆ ಅರಸನ ಕೋಪ ಇಳಿದಿತ್ತು. ಅವರು ಮೊದಲು ಗುರುದೀಕ್ಷೆಯನ್ನು ಪಡೆದು, ಮರುದಿನ ಮಠಾಧಿಪತಿಯಾಗಿ ಅಭಿಷಿಕ್ತರಾದರು.

ಪೀಠವನ್ನೇರಿದ ಸುಜೇರರು ತಕ್ಷಣವೇ ದೇವಾಲಯವನ್ನು ಕಟ್ಟಲು ಹೊರಡಲಿಲ್ಲ. 1125ರಲ್ಲಿ ಸೇಂ-ದೆನಿ ಪಟ್ಟಣದ ನಿವಾಸಿಗಳನ್ನು ಅವರ ಆಸ್ತಿಯ ಮೇಲೆ ಮಠಕ್ಕಿದ್ದ ಹಳೆಯ ಕಠಿಣ ಹಕ್ಕಿನಿಂದ ಬಿಡುಗಡೆ ಮಾಡಿದರು. ಕಳ್ಳಕಾಕರ ಬೀಡಾಗಿದ್ದ ವೊಕ್ರೆಸೋನ್ ಎಂಬ ಸ್ಥಳದಲ್ಲಿ ಹೊಸ ಒಕ್ಕಲನ್ನು ನೆಲೆಗೊಳಿಸಿ ಊರನ್ನೇ ಕಟ್ಟಿದರು. ಪಾಳುಬಿದ್ದ ಹೊಲಗಳು ಮತ್ತೆ ಉಳುಮೆ ಕಂಡವು. 1127ರ ಸುಮಾರಿಗೆ ಮಠದೊಳಗಿನ ಶಿಸ್ತನ್ನೂ ಸರಿಪಡಿಸಿದರು. ಅಲ್ಲಿಯವರೆಗೆ ಮಠದ ಅಂಗಳವು ಅರಮನೆಯ ಆಳುಗಳಿಂದಲೂ ವ್ಯವಹಾರಸ್ಥರಿಂದಲೂ ಗಿಜಿಗುಟ್ಟುತ್ತಿತ್ತು. ಕಟುವಾಗಿ ಟೀಕಿಸುತ್ತಿದ್ದ ಕ್ಲೇರ್ವೋದ ಸಂತ ಬೆರ್ನಾರ್ದರೇ ಈ ಪರಿವರ್ತನೆಯನ್ನು ಕಂಡು ಹರ್ಷಿಸಿ ಪತ್ರ ಬರೆದರು.

ಅವರ ಬಾಳು ದೋಷರಹಿತವಾಗಿತ್ತೆಂದು ನಾವು ಹೇಳಲಾರೆವು. 1129ರಲ್ಲಿ ಹಳೆಯ ದಾಖಲೆಗಳನ್ನು ಮುಂದೊಡ್ಡಿ ಅರ್ಜೆಂತೇಯ್ ಕನ್ಯಾಮಠವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅಲ್ಲಿದ್ದ ಕನ್ಯಾಸ್ತ್ರೀಯರು, ಅವರೊಡನೆ ವಿದುಷಿ ಎಲೊಯೀಸರೂ, ನೆಲೆ ತಪ್ಪಿ ಹೊರಡಬೇಕಾಯಿತು. ಆ ದಾಖಲೆಗಳ ಪ್ರಾಮಾಣ್ಯವನ್ನು ಇತಿಹಾಸಕಾರರು ಇಂದಿಗೂ ಪ್ರಶ್ನಿಸುತ್ತಾರೆ. ಮಠದ ಮೇಲಿನ ಅಭಿಮಾನವು ಅವರ ಬಲವೂ ಆಗಿತ್ತು, ಕುಂದೂ ಆಗಿತ್ತು.

ಇನ್ನು ದೇವಾಲಯದ ವಿಚಾರ. ಹಳೆಯ ಆಲಯವು ಇಕ್ಕಟ್ಟಾಗಿತ್ತು. ಹಬ್ಬದ ದಿನಗಳಲ್ಲಿ ಅವಶೇಷಗಳ ದರ್ಶನಕ್ಕೆ ನೆರೆದ ಜನಸಂದಣಿಯಲ್ಲಿ ಹೆಂಗಸರು ಉಸಿರು ಕಟ್ಟಿ ಚೀರುತ್ತಿದ್ದರು. ಕೆಲವರು ಗಂಡಸರ ತಲೆಗಳನ್ನೇ ಮೆಟ್ಟಿ ಪೀಠದತ್ತ ಸಾಗುತ್ತಿದ್ದರು. ಅವಶೇಷಗಳನ್ನು ಹಿಡಿದಿದ್ದ ಸನ್ಯಾಸಿಗಳು ಕಿಟಕಿಯಿಂದ ಹಾರಿ ಪಾರಾಗುತ್ತಿದ್ದರು. ಈ ಸಂಗತಿಗಳನ್ನು ಸುಜೇರರೇ ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ. ಭಕ್ತರು ನಿರ್ಭಯವಾಗಿ ಒಳಬಂದು ಹೊರಹೋಗುವಂತಾಗಬೇಕೆಂಬುದೇ ಅವರ ಮೊದಲ ಚಿಂತೆ. ಆದರೆ ಸ್ವತಃ ಕ್ರಿಸ್ತ ಪ್ರಭುವೇ ಆ ಹಳೆಯ ಗೋಡೆಗಳನ್ನು ಪವಿತ್ರಗೊಳಿಸಿದರೆಂದು ಜನ ನಂಬಿದ್ದುದರಿಂದ ಅವನ್ನು ಒಮ್ಮೆಲೇ ಕೆಡವಲು ಅವರಿಗೆ ಮನಸ್ಸಾಗಲಿಲ್ಲ. ಮುಂದಣ ಭಾಗವನ್ನು ಮೊದಲು, ಪೀಠದ ಭಾಗವನ್ನು ಅನಂತರ, ನಡುವಣ ಭಾಗವನ್ನು ಕೊನೆಯಲ್ಲಿ ಕಟ್ಟುವುದೆಂದು ನಿಶ್ಚಯಿಸಿದರು.

ಕೆಲಸ ಸುಲಭವಾಗಿರಲಿಲ್ಲ. ಕಂಬಗಳಿಗಾಗಿ ರೋಮಿನ ಹಳೆಯ ಅರಮನೆಗಳ ಕಲ್ಲನ್ನು ಸಮುದ್ರದ ಮೇಲೆ ತರಿಸುವ ಯೋಚನೆಯೂ ಅವರಿಗೆ ಬಂದಿತ್ತು. ಅಷ್ಟರಲ್ಲಿ ಪೊಂತ್ವಾಸ್ ಎಂಬಲ್ಲಿ ಉತ್ತಮವಾದ ಕಲ್ಲುಗಣಿ ದೊರಕಿತು. ಅಲ್ಲಿಂದ ಕಲ್ಲನ್ನು ಮೇಲೆತ್ತುವಾಗ ಊರಿನ ಶ್ರೀಮಂತರೂ ಬಡವರೂ ಎತ್ತುಗಳಂತೆ ಹಗ್ಗಕ್ಕೆ ಹೆಗಲು ಕೊಟ್ಟರು. ಮಾಡಿಗೆ ಉದ್ದನೆಯ ತೊಲೆಗಳು ಬೇಕಾದಾಗ, ಈ ಸೀಮೆಯಲ್ಲಿ ಅಂತಹ ಮರಗಳೇ ಇಲ್ಲವೆಂದು ಪ್ಯಾರಿಸ್ಸಿನ ಬಡಗಿಗಳು ಕೈಚೆಲ್ಲಿದರು, ಕಾಡುಗಾವಲಿನವರು ನಕ್ಕುಬಿಟ್ಟರು. ಒಂದು ರಾತ್ರಿ ನಿದ್ದೆ ಬಾರದ ಸುಜೇರರು ಬೆಳಗಾಗುತ್ತಲೇ ಬಡಗಿಗಳನ್ನೂ ಅಳತೆಗೋಲನ್ನೂ ಕೂಡಿಸಿಕೊಂಡು ಇವ್ಲಿನ್ ಅರಣ್ಯವನ್ನು ಹೊಕ್ಕರು. ಅಪರಾಹ್ನದೊಳಗೆ ಬೇಕಾದ 12 ಮರಗಳೂ ಸಿಕ್ಕಿದವು. ಹದಿಮೂರನೆಯದು ಸಿಕ್ಕಲಿಲ್ಲ, ಬೇಕಾಗಿಯೂ ಇರಲಿಲ್ಲ. ಆಗ ಅವರಿಗೆ ಸುಮಾರು ಅರವತ್ತರ ಪ್ರಾಯವೆಂಬುದನ್ನು ನೆನೆದರೆ ನಮಗೆ ಬೆರಗಾಗುತ್ತದೆ.

ಪಶ್ಚಿಮದ ಮುಂಭಾಗವು 1140ರ ಜೂನ್ 9ರಂದು ಪವಿತ್ರೀಕರಣಗೊಂಡಿತು. ಅದೇ ವರ್ಷದ ಜುಲೈ 14ರಂದು ಪೀಠದ ಭಾಗಕ್ಕೆ ಅಸ್ತಿಭಾರ ಬಿದ್ದಿತು. ಮೂರು ವರ್ಷ ಮೂರು ತಿಂಗಳಲ್ಲಿ ಆ ಭಾಗವು ಮೇಲೆದ್ದು ನಿಂತಿತು. ನಡುವೆ ಒಂದು ದಿನ ಧರ್ಮಾಧ್ಯಕ್ಷರೊಬ್ಬರು ಬಲಿಪೂಜೆಯನ್ನು ಅರ್ಪಿಸುತ್ತಿದ್ದಾಗ ಬಿರುಗಾಳಿ ಎದ್ದು, ಇನ್ನೂ ಆಧಾರವಿಲ್ಲದೆ ನಿಂತಿದ್ದ ಕಮಾನುಗಳು ತೂಗಾಡಿದವು. ಪೂಜೆ ನಿಲ್ಲಲಿಲ್ಲ; ಕಮಾನುಗಳೂ ಬೀಳಲಿಲ್ಲ. 1144ರ ಜೂನ್ 11ರಂದು ಏಳನೆಯ ಲೂಯಿ ಅರಸ, ಎಲೆನೋರ್ ರಾಣಿ, ಅನೇಕ ಧರ್ಮಾಧ್ಯಕ್ಷರು ಮತ್ತು ಅಪಾರ ಜನಸ್ತೋಮದ ಸಮ್ಮುಖದಲ್ಲಿ ಮಹಾ ಪ್ರತಿಷ್ಠೆ ನಡೆಯಿತು. ಗಾಥಿಕ್ ಶಿಲ್ಪದ ಜನ್ಮದಿನವೆಂದು ವಿದ್ವಾಂಸರು ಆ ದಿನವನ್ನು ಗಣಿಸುತ್ತಾರೆ.

ಆ ದೇವಾಲಯವನ್ನು ಇಂದು ನೋಡಲು ಬರುವವರನ್ನು ಮಾರ್ಗದರ್ಶಿಗಳು ಕರೆದೊಯ್ಯುವ ದಾರಿಯಲ್ಲಿ ಓದುಗರೂ ನಮ್ಮೊಡನೆ ನಾಲ್ಕು ಹೆಜ್ಜೆ ನಡೆಯಲಿ. ಮೊದಲು ಕಾಣುವುದು ಮೂರು ಬಾಗಿಲುಗಳ ಪಶ್ಚಿಮ ಮುಖ. ಮೇಲೆ ವೃತ್ತಾಕಾರದ ಗುಲಾಬಿ ಕಿಟಕಿ. ಮುಂಭಾಗದಲ್ಲಿ ಇಂತಹ ಕಿಟಕಿಯನ್ನು ಇರಿಸಿದ ಮೊದಮೊದಲ ಆಲಯಗಳಲ್ಲಿ ಇದೂ ಒಂದು. ಉತ್ತರದ ಗೋಪುರವು ಬಿರುಗಾಳಿಗಳಿಂದ ಶಿಥಿಲವಾಗಿ 1840ರ ದಶಕದಲ್ಲಿ ಕಳಚಲ್ಪಟ್ಟಿತು; ಅದನ್ನು ಪುನಃ ಕಟ್ಟುವ ಕಾರ್ಯವನ್ನು ಇತ್ತೀಚಿನ ವರ್ಷಗಳಲ್ಲಿ ಕೈಗೊಳ್ಳಲಾಗಿದೆ. ಒಳಹೊಕ್ಕರೆ 108 ಮೀಟರ್ ಉದ್ದದ, 29 ಮೀಟರ್ ಎತ್ತರದ ಆಲಯ. ಆದರೆ ಈ ನಡುಭಾಗ ಸುಜೇರರದಲ್ಲ; 1231ರಿಂದ ಮುಂದೆ ಬೇರೊಬ್ಬ ಮಠಾಧಿಪತಿಯ ಕಾಲದಲ್ಲಿ ಆರಂಭವಾದದ್ದು. ಅಡ್ಡಸಾಲಿನಲ್ಲಿ ಅರಸರ ಸಮಾಧಿಗಳಿವೆ. 1793ರಲ್ಲಿ, ಮಹಾಕ್ರಾಂತಿಯ ಕಾಲದಲ್ಲಿ, ಅವನ್ನು ಅಗೆದು ಅಸ್ಥಿಗಳನ್ನು ಗುಂಡಿಗೆ ತುಂಬಲಾಯಿತು. ಅರಸೊತ್ತಿಗೆ ಅಳಿಯಿತು, ಆಲಯ ಉಳಿಯಿತು.

ಅಲ್ಲಿಂದ ಮೆಟ್ಟಿಲೇರಿ ಪೀಠದ ಹಿಂದೆ ಸುತ್ತುವ ಪ್ರದಕ್ಷಿಣಾಪಥಕ್ಕೆ ಬಂದಾಗ ನಾವು ಸುಜೇರರ ಸನ್ನಿಧಿಗೆ ಬಂದಂತೆ. ಅದಕ್ಕೆ ಮುಂಚಿನ ದೇವಾಲಯಗಳಲ್ಲಿ ಚಾವಣಿಯ ಭಾರವನ್ನು ದಪ್ಪ ಗೋಡೆಗಳು ಹೊರುತ್ತಿದ್ದವು. ಗೋಡೆಯಲ್ಲಿ ದೊಡ್ಡ ಕಿಟಕಿ ತೆರೆದರೆ ಕಟ್ಟಡಕ್ಕೆ ಅಪಾಯ. ಇಲ್ಲಿಯಾದರೋ ಪಕ್ಕೆಲುಬುಗಳಂತೆ ಹಬ್ಬಿದ ಕಲ್ಲಿನ ಪಟ್ಟಿಗಳು ಚಾವಣಿಯ ಭಾರವನ್ನು ಒಟ್ಟುಗೂಡಿಸಿ ತೆಳುವಾದ ಕಂಬಗಳಿಗೂ ಹೊರಗಿನ ಆಸರೆಗಳಿಗೂ ಇಳಿಸುತ್ತವೆ. ಚೂಪು ಕಮಾನು ಭಾರವನ್ನು ಪಕ್ಕಕ್ಕಿಂತ ಹೆಚ್ಚಾಗಿ ಕೆಳಕ್ಕೆ ತಳ್ಳುತ್ತದೆ. ಅಗಲ ಬೇರೆಯಾದರೂ ಎತ್ತರವನ್ನು ಸರಿದೂಗಿಸಬಲ್ಲದು. ಹೀಗೆ ಗೋಡೆಗೆ ಹೊರುವ ಕೆಲಸ ತಪ್ಪಿದಾಗ ಅಲ್ಲಿ ಗಾಜನ್ನು ತುಂಬಲು ಸಾಧ್ಯವಾಯಿತು. ಪ್ರದಕ್ಷಿಣಾಪಥದಂಚಿನ ಏಳು ಸಣ್ಣ ಪೂಜಾಸ್ಥಳಗಳ ನಡುವೆ ಅಡ್ಡಗೋಡೆಯೇ ಇಲ್ಲ. ಬಣ್ಣದ ಬೆಳಕು ಎಲ್ಲ ಕಡೆಯಿಂದಲೂ ಹರಿದುಬರುತ್ತದೆ. ಈ ಅಂಶಗಳಲ್ಲಿ ಒಂದೊಂದೂ ಮೊದಲೇ ಬೇರೆಡೆ ತಿಳಿದಿದ್ದವು. ಅವನ್ನೆಲ್ಲ ಒಂದೇ ಉದ್ದೇಶಕ್ಕೆ ಕೂಡಿಸಿದ್ದು ಇಲ್ಲಿಯ ಹಿರಿಮೆ. ಕಣ್ಣಿಗೆ ಕಾಣುವ ಬೆಳಕು ಕಾಣದ ಬೆಳಕಿನತ್ತ ಮನಸ್ಸನ್ನು ಒಯ್ಯುತ್ತದೆಂಬುದು ಸುಜೇರರ ದೃಢವಾದ ನಂಬಿಕೆಯಾಗಿತ್ತು.

ಆ ಕಿಟಕಿಗಳಲ್ಲಿ ಕೆಲವು ಮೂಲ ಗಾಜುಗಳು ಇಂದಿಗೂ ಉಳಿದಿವೆ. ಮಂಗಳವಾರ್ತೆಯ ದೃಶ್ಯದಲ್ಲಿ ಮಾತೆ ಮರಿಯಮ್ಮನವರ ಪಾದದ ಬಳಿ ಸಾಷ್ಟಾಂಗ ಬಿದ್ದಿರುವ ಪುಟ್ಟ ಸನ್ಯಾಸಿಯೊಬ್ಬರಿದ್ದಾರೆ, ಅವರೇ ಸುಜೇರರು. ಬಾಗಿಲುಗಳ ಮೇಲೆ, ಪಾತ್ರೆಗಳ ಮೇಲೆ ತಮ್ಮ ಹೆಸರನ್ನು ಅವರು ಮತ್ತೆ ಮತ್ತೆ ಕೆತ್ತಿಸಿದರು. ಇದನ್ನು ಕೀರ್ತಿಕಾಮನೆ ಎಂದವರುಂಟು. ತಮ್ಮನ್ನು ಪ್ರಾರ್ಥನೆಯಲ್ಲಿ ನೆನೆಯಬೇಕೆಂಬ ಬೇಡಿಕೆ ಎಂದವರೂ ಉಂಟು. ಎರಡೂ ಇದ್ದಿರಬಹುದೆಂದು ನಮ್ಮ ಅಭಿಪ್ರಾಯ. ಆದರೆ ಆಲಯವನ್ನು ರೂಪಿಸಿದ ಶಿಲ್ಪಿಯ ಹೆಸರನ್ನು ಅವರು ಎಲ್ಲಿಯೂ ಬರೆದಿಡಲಿಲ್ಲ. ಆ ನಷ್ಟವನ್ನು ಇನ್ನು ಯಾರೂ ತುಂಬಲಾರರು.

ಇದಕ್ಕಿಂತ ಗಂಭೀರವಾದ ಪ್ರಶ್ನೆಯೊಂದುಂಟು. ದೇವಾಲಯದ ಗೋಡೆ ಹೊಳೆಯುತ್ತಿರಲು ಬಡವನ ಹೊಟ್ಟೆ ಹಸಿದಿರುವುದು ಸರಿಯೇ ಎಂದು ಸಂತ ಬೆರ್ನಾರ್ದರು ಆ ಕಾಲದಲ್ಲಿಯೇ ಕೇಳಿದ್ದರು. ಅವರ ಮಾತು ಸುಜೇರರನ್ನು ಹೆಸರಿಸಿ ಆಡಿದ್ದಲ್ಲ. ಆದರೆ ಚಿನ್ನದ ಪೀಠ, ರತ್ನಖಚಿತ ಮಹಾಶಿಲುಬೆಗಳನ್ನು ಮಾಡಿಸಿದವರಿಗೆ ಅದು ತಟ್ಟದೆ ಇರಲಾರದು. ಶುದ್ಧ ಹೃದಯವೇ ಮುಖ್ಯವೆಂದು ಸುಜೇರರೂ ಒಪ್ಪಿದ್ದರು. ಆದರೂ ಪ್ರಭುವಿನ ರಕ್ತವನ್ನು ಧರಿಸುವ ಪಾತ್ರೆಗೆ ಲೋಕದ ಅತ್ಯುತ್ತಮ ವಸ್ತುವೂ ಸಾಲದೆಂಬುದು ಅವರ ಉತ್ತರ. ಈ ವಾದದಲ್ಲಿ ಯಾರು ಗೆದ್ದರೆಂದು ತೀರ್ಪು ಕೊಡಲು ನಾವು ಶಕ್ತರಲ್ಲ. ಒಂದು ಸಂಗತಿಯನ್ನು ಮಾತ್ರ ಮುಂದಿಡಬಲ್ಲೆವು. ಇಷ್ಟನ್ನೆಲ್ಲ ಕಟ್ಟಿಸಿದ ಸುಜೇರರು ತಾವು ವಾಸಿಸಿದ್ದು ಸುಮಾರು 10 ಅಡಿ ಅಗಲ, 15 ಅಡಿ ಉದ್ದದ ಕೋಣೆಯಲ್ಲಿ. ಮಲಗಿದ್ದು ಹುಲ್ಲಿನ ಮೇಲೆ. ಅದನ್ನು ಕಂಡ ಕ್ಲೂನಿಯ ಮಠಾಧಿಪತಿ ಪೇತ್ರರು, ಈತ ದೇವರಿಗಾಗಿ ಕಟ್ಟುತ್ತಾನೆ, ನಾವು ನಮಗಾಗಿ ಕಟ್ಟಿಕೊಳ್ಳುತ್ತೇವೆಂದು ನಿಟ್ಟುಸಿರಿಟ್ಟರೆಂದು ಸುಜೇರರ ಶಿಷ್ಯ ವಿಲ್ಲೆಲ್ಮರು ಬರೆದಿದ್ದಾರೆ.

1147ರಲ್ಲಿ ಏಳನೆಯ ಲೂಯಿ ಎರಡನೆಯ ಶಿಲುಬೆಯುದ್ಧಕ್ಕೆ ಹೊರಟಾಗ ರಾಜ್ಯಭಾರವು ಸುಜೇರರ ಹೆಗಲಿಗೆ ಬಂದಿತು. ಆ ಯಾತ್ರೆ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ 1149ರಲ್ಲಿ ಅರಸನು ಸೋತು ಮರಳುವವರೆಗೆ ಅವರು ರಾಜ್ಯವನ್ನು ಒಡೆಯದಂತೆ ಕಾಪಾಡಿದರು. ಜನರು ಅವರನ್ನು ನಾಡಿನ ತಂದೆಯೆಂದು ಕರೆದರು. ಆಲಯದ ನಡುಭಾಗವನ್ನು ಕಟ್ಟಬೇಕೆಂಬ ಆಸೆ ಮಾತ್ರ ಕೈಗೂಡಲಿಲ್ಲ. 1151ರ ಜನವರಿ 13ರಂದು ಅವರು ಕಾಲವಾದರು.

ಅವರು ಮಾಡಿಸಿದ ಚಿನ್ನದ ಪೀಠವಿಲ್ಲ, ಮಹಾಶಿಲುಬೆಯೂ ಇಲ್ಲ. ಯುದ್ಧಗಳೂ ಕ್ರಾಂತಿಯೂ ಅವನ್ನು ನುಂಗಿದವು. ಅವರ ಪೂಜಾಪಾತ್ರೆ ಅಮೆರಿಕದ ವಾಷಿಂಗ್ಟನ್ನಿನಲ್ಲಿಯೂ, ಹದ್ದಿನ ಆಕಾರದ ಕಲ್ಲಿನ ಹೂಜಿ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿಯೂ ಇವೆ. ಆಲಯವು 1966ರಲ್ಲಿ ಹೊಸ ಧರ್ಮಪ್ರಾಂತ್ಯದ ಪ್ರಧಾನಾಲಯವಾಯಿತು. ಇಂದು ಸೇಂ-ದೆನಿ ಅರಸರ ಊರಲ್ಲ. ಹಲವು ದೇಶಗಳಿಂದ ಬಂದ ದುಡಿಯುವ ಜನರ ಊರು. ಹಬ್ಬದ ದಿನ ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದ ಬಡಜನರಿಗಾಗಿ ವಿಸ್ತರಿಸಿದ ಆಲಯದಲ್ಲಿ ಆ ದುಡಿಯುವವರೇ ಈಗ ಮಂಡಿಯೂರುತ್ತಾರೆ. ಚಿನ್ನ ಹೋಯಿತು, ಗಾಜಿನೊಳಗಿಂದ ಬರುವ ಬೆಳಕು ಹೋಗಲಿಲ್ಲ. ಕಟ್ಟಡವನ್ನು ಕಟ್ಟುವವರೂ ಕಾಯ್ದುಕೊಳ್ಳುವವರೂ ಇದರಿಂದ ಕಲಿಯಬೇಕಾದುದು ಬಹಳವಿದೆಯೆಂದು ನಾವು ನಂಬುತ್ತೇವೆ.