ಗಾಳದ ಶಾಸ್ತ್ರ ಬರೆದ ಅರಸ ಸೋಮೇಶ್ವರ

ಮೀನು ಹಿಡಿಯುವುದನ್ನೂ ಶಾಸ್ತ್ರವಾಗಿ ಬರೆದಿಟ್ಟ ಕನ್ನಡ ನಾಡಿನ ಅರಸ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗನಾದ ಈತ 1126ರಲ್ಲಿ ಪಟ್ಟಕ್ಕೆ ಬಂದ. ಹೊಳೆಮಣ್ಣೂರ ಇರುವ ಮಲಪ್ರಭೆಯ ದಂಡೆಯೂ ಈತನ ಆಳ್ವಿಕೆಗೆ ಸೇರಿತ್ತು. ವಿದ್ಯೆಯಲ್ಲಿ ಒಲವಿದ್ದ ಈತನಿಗೆ ಸರ್ವಜ್ಞ, ಭೂಲೋಕಮಲ್ಲ ಎಂಬ ಬಿರುದುಗಳಿದ್ದವು.

ಸಂಸ್ಕೃತದಲ್ಲಿ ಈತ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಮತ್ಸ್ಯವಿನೋದವೂ ಒಂದು. ಸುಮಾರು 35 ಬಗೆಯ ಮೀನುಗಳು, ಅವುಗಳ ನೆಲೆ, ಆಹಾರ, ಗಾಳ ಹಾಕುವ ಬಗೆ ಅಲ್ಲಿ ನಿರೂಪಿತವಾಗಿವೆ. ಅದೇ ಗ್ರಂಥದಲ್ಲಿ ಮೀನಿನ ಅಡುಗೆಯೂ ಉಂಟು. ಅರಸನಿಗೆ ಮೀನು ಆಟವೂ ಹೌದು, ಊಟವೂ ಹೌದು. 1138ರಲ್ಲಿ ಈತ ಕಾಲವಾದ.

ಆಟಕ್ಕಾಗಿ ಜೀವಿಯನ್ನು ನೋಯಿಸುವುದು ಸರಿಯೇ ಎಂಬ ಪ್ರಶ್ನೆ ಇಂದಿಗೂ ಇದೆ. ಸಿಡಿಮದ್ದು, ವಿಷ ಬಳಸುವುದನ್ನು 1897ರ ಕಾಯ್ದೆಯೇ ನಿಷೇಧಿಸಿತು. ಕಾವೇರಿಯಲ್ಲಿ ಮಹಶೀರ್ ಮೀನನ್ನು ಹಿಡಿದು ಮರಳಿ ನೀರಿಗೆ ಬಿಡುವ ಕ್ರೀಡೆ ದಶಕಗಳ ಕಾಲ ನಡೆಯಿತು. ಅದರಿಂದ ಮೀನಿಗೆ ಕಾವಲು ದೊರೆಯುತ್ತದೆ ಎಂದು ಹವ್ಯಾಸಿಗಳು ವಾದಿಸಿದರೆ, ಅಭಯಾರಣ್ಯದಲ್ಲಿ ಅದೂ ಬೇಟೆಯೇ ಎಂದರು ವಿರೋಧಿಗಳು. 2018ರಲ್ಲಿ ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಗಾಳಕ್ಕಿಂತ ಮೊದಲು ಮೀನಿನ ಅರಿವು ಬೇಕೆಂಬುದು ಸೋಮೇಶ್ವರನ ಅಧ್ಯಾಯದಿಂದ ಹೊಳೆಯುವ ಮಾತು. ವಾದಿಸುವ ಇಬ್ಬರಿಗೂ ಅದು ಸಲ್ಲುತ್ತದೆ.