ರೂಸೋ: ಬಾಳಿನುದ್ದಕ್ಕೂ ಒಂದು ಬೇನೆ

ರೂಸೋವಿನ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ರಾಜ್ಯಶಾಸ್ತ್ರವನ್ನು ಓದುವವರು ಅವನನ್ನು ‘ಸಾಮಾಜಿಕ ಒಪ್ಪಂದ’ದ ಕರ್ತೃವೆಂದು ಬಲ್ಲರು, ಅಧ್ಯಾಪಕರ ತರಬೇತಿಯನ್ನು ಪಡೆದವರಿಗೆ ‘ಎಮಿಲ್’ ಎಂಬ ಶಿಕ್ಷಣಗ್ರಂಥದ ಪರಿಚಯವುಂಟು, ಸಾಹಿತ್ಯಾಭ್ಯಾಸಿಗಳಿಗೆ ಅವನು ‘ಕನ್‌ಫೆಷನ್ಸ್’ ಎಂಬ ಆತ್ಮಚರಿತ್ರೆಯನ್ನು ಬರೆದವನು. ಈ ಗ್ರಂಥಗಳನ್ನು ಬರೆದ ಕೈ ಯಾವ ದೇಹಕ್ಕೆ ಸೇರಿದ್ದಿತೋ ಆ ದೇಹದ ಕಥೆಯನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹುಟ್ಟಿದಂದಿನಿಂದ ಬೆನ್ನುಹತ್ತಿದ ಮೂತ್ರಕೋಶದ ಬೇನೆಯೊಂದು ಅವನನ್ನು ಬಹುಕಾಲ ಕಾಡಿತು. ಅದು ಸಭೆಯಲ್ಲಿ ಆಡುವ ಮಾತಲ್ಲವೆಂದು ಜೀವನಚರಿತ್ರಕಾರರು ಅನೇಕ ವೇಳೆ ಎರಡು ಸಾಲಿನಲ್ಲಿ ಮುಗಿಸಿ ಮುಂದೆ ಸಾಗುತ್ತಾರೆ. ಆದರೆ ರೂಸೋ ಅದನ್ನು ಮುಚ್ಚಿಡಲಿಲ್ಲ. ಅವನ ಬಾಳಿನ ದೊಡ್ಡ ನಿರ್ಧಾರಗಳಲ್ಲಿ ಕೆಲವು ಈ ಬೇನೆಯ ನೆರಳಿನಲ್ಲಿಯೇ ಆದವು. ಅದನ್ನು ತಿಳಿಯದೆ ಅವನನ್ನು ಪೂರ್ತಿಯಾಗಿ ತಿಳಿದೆವೆನ್ನುವಂತಿಲ್ಲ.

ಜಾನ್ ಜಾಕ್ ರೂಸೋ 1712ನೆಯ ಇಸವಿ ಜೂನ್ 28ರಂದು ಜಿನೀವಾ ನಗರದಲ್ಲಿ ಹುಟ್ಟಿದನು. ತಂದೆ ಗಡಿಯಾರ ಮಾಡುವ ಕುಶಲಕರ್ಮಿ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ಮಗುವೂ ಬದುಕುವ ಭರವಸೆಯಿರಲಿಲ್ಲ. ಮೂತ್ರಕೋಶದ ರಚನೆಯಲ್ಲಿಯೇ ಏನೋ ದೋಷವಿದ್ದು, ಶೈಶವದಲ್ಲಿ ಪದೇ ಪದೇ ಮೂತ್ರ ಕಟ್ಟಿಕೊಳ್ಳುತ್ತಿದ್ದಿತೆಂದು ಅವನೇ ಬರೆದಿದ್ದಾನೆ. ತಾಯಿಯಿಲ್ಲದ ಆ ಕೂಸನ್ನು ಉಳಿಸಿದವಳು ತಂದೆಯ ತಂಗಿ, ಅವನ ಸೋದರತ್ತೆ. ಅವಳ ಆರೈಕೆಯನ್ನು ರೂಸೋ ಮುಪ್ಪಿನವರೆಗೂ ಮರೆಯಲಿಲ್ಲ.

ಹದಿನಾರು ತುಂಬುವ ಮೊದಲೇ, 1728ರಲ್ಲಿ, ಅವನು ಊರು ಬಿಟ್ಟು ಹೊರಟನು. ಸವಾಯ್ ಸೀಮೆಯಲ್ಲಿ ಮದಾಮ್ ದ ವಾರಾನ್ ಎಂಬಾಕೆಯ ಆಶ್ರಯ ದೊರೆಯಿತು. ಓದು, ಸಂಗೀತ, ತಿರುಗಾಟಗಳಲ್ಲಿ ಯೌವನ ಕಳೆಯಿತು. ಆ ಕಾಲದಲ್ಲಿ ಅವನಿಗೆ ಒಂದು ವಿಚಿತ್ರವಾದ ಅನುಭವವಾಯಿತು. ಶರೀರಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದವನಿಗೆ, ಓದಿದ ಪ್ರತಿಯೊಂದು ರೋಗವೂ ತನಗೆ ಇದೆಯೆಂದು ತೋರಿತು. ಹೃದಯದಲ್ಲಿ ಗಂಟೊಂದು ಬೆಳೆದಿದೆಯೆಂದು ನಿಶ್ಚಯಿಸಿ 1737ರಲ್ಲಿ ಮಾಂಪೆಲ್ಯೇ ನಗರದ ಪ್ರಸಿದ್ಧ ವೈದ್ಯರಲ್ಲಿಗೆ ಹೋದನು. ಅವರು ಅವನನ್ನು ಕಲ್ಪನೆಯ ರೋಗಿಯೆಂದು ಭಾವಿಸಿ, ಬೇರಿನ ಕಷಾಯವನ್ನೂ ಹಾಲೊಡಕನ್ನೂ ಕೊಟ್ಟು ಕಳುಹಿಸಿದರು. ಹೃದಯದ ಗಂಟು ಕಲ್ಪನೆಯೇ ಆಗಿದ್ದಿತು. ಇಲ್ಲದ ರೋಗವನ್ನು ಊಹಿಸಿಕೊಂಡವನೆಂಬ ಈ ಹೆಸರು ಮುಂದೆ ಇದ್ದ ರೋಗಕ್ಕೂ ಅಂಟಿಕೊಂಡಿತು.

1742ರಲ್ಲಿ ರೂಸೋ ಪ್ಯಾರಿಸ್ ಸೇರಿದನು. 1743ರಿಂದ ಸುಮಾರು ಒಂದು ವರ್ಷ ವೆನಿಸ್ ನಗರದಲ್ಲಿ ಫ್ರೆಂಚ್ ರಾಯಭಾರಿಯ ಕಾರ್ಯದರ್ಶಿಯಾಗಿದ್ದನು. ಅಲ್ಲಿಯ ಸೆಕೆಯೂ ಪ್ರಯಾಣದ ದಣಿವೂ ಹಳೆಯ ಬೇನೆಯನ್ನು ಕೆರಳಿಸಿದವು. ಉರಿಮೂತ್ರ, ಸೊಂಟದ ನೋವುಗಳು ಕಾಡಿದವು. ಪ್ಯಾರಿಸ್ಸಿಗೆ ಮರಳಿದ ಮೇಲೆ, 1745ರಲ್ಲಿ, ಬಟ್ಟೆ ಒಗೆಯುವ ಕೆಲಸದಲ್ಲಿದ್ದ ತೆರೇಸ್ ಎಂಬ ಹೆಣ್ಣುಮಗಳು ಅವನ ಬಾಳನ್ನು ಸೇರಿದಳು. ಓದುಬರಹ ಹೆಚ್ಚು ತಿಳಿಯದ ಆಕೆ ಮೂವತ್ತಮೂರು ವರ್ಷ ಅವನ ಸಂಗಾತಿಯಾಗಿದ್ದು ರೋಗದಲ್ಲಿ ಶುಶ್ರೂಷೆ ಮಾಡಿದಳು. ಅವಳಲ್ಲಿ ಹುಟ್ಟಿದ ಐದು ಮಕ್ಕಳನ್ನೂ ಅವನು ಅನಾಥಾಲಯಕ್ಕೆ ಒಪ್ಪಿಸಿದನು. ಶಿಶುಶಿಕ್ಷಣವನ್ನು ಜಗತ್ತಿಗೆ ಬೋಧಿಸಿದವನ ಈ ಕೃತ್ಯವನ್ನು ಯಾವ ಕಾಯಿಲೆಯೂ ಮನ್ನಿಸಲಾರದು. ಅವನ ಪಾಡನ್ನು ಹೇಳುವಾಗ ಇದನ್ನು ಮರೆಮಾಡುವುದು ಸಲ್ಲದು.

1750ರಲ್ಲಿ ದಿಜಾನ್ ನಗರದ ವಿದ್ವತ್ಪರಿಷತ್ತಿನ ಬಹುಮಾನ ಅವನ ಪ್ರಬಂಧಕ್ಕೆ ಬಂದಿತು. ಆ ಪ್ರಬಂಧ ಅಚ್ಚಾಗಿ ಹೊರಬಂದು ಪ್ಯಾರಿಸ್ಸೆಲ್ಲ ಅದನ್ನೇ ಮಾತಾಡುತ್ತಿದ್ದಾಗ ಅವನು ಹಾಸಿಗೆ ಹಿಡಿದಿದ್ದನು. ಆಗ ಅವನಿಗೆ ಫ್ರಾಂಕೇಯ್ ಎಂಬ ಹಣಕಾಸಿನ ಅಧಿಕಾರಿಯ ಖಜಾನೆಯಲ್ಲಿ ಕೆಲಸ ದೊರೆತಿದ್ದಿತು. ಹಣದ ಹೊಣೆಯ ಚಿಂತೆಯಿಂದ ಬೇನೆ ಉಲ್ಬಣಿಸಿತು. ವೈದ್ಯರು ಒಬ್ಬರಾದ ಮೇಲೆ ಒಬ್ಬರು ಬಂದರು. ಮೊರಾನ್ ಎಂಬ ಹೆಸರಾಂತ ಶಸ್ತ್ರವೈದ್ಯನು ಮೂತ್ರನಾಳದಲ್ಲಿ ಶಲಾಕೆಯನ್ನು ತೂರಿಸಲು ಎಷ್ಟು ಯತ್ನಿಸಿದರೂ ಸಾಧ್ಯವಾಗಲಿಲ್ಲ. ಬಳಿಕ ದರಾನ್ ಎಂಬುವನು ಮಾಡುತ್ತಿದ್ದ ‘ಬೂಜಿ’ಗಳನ್ನು ತರಿಸಿದರು. ಇವು ಬಳುಕುವ ತೆಳುವಾದ ಬತ್ತಿಗಳು. ನಾಳವನ್ನು ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸಿ ಮೂತ್ರಕ್ಕೆ ದಾರಿಮಾಡುವುದು ಅವುಗಳ ಉದ್ದೇಶ. ಅವುಗಳಿಂದ ಕೊಂಚ ಉಪಶಮನ ಸಿಕ್ಕಿತು. ದರಾನ್ ಸತ್ತುಹೋದರೆ ಗತಿಯೇನೆಂಬ ಭೀತಿಯಿಂದ ರೂಸೋ ಬಾಳಿಗೆಲ್ಲ ಸಾಕಾಗುವಷ್ಟು ಬತ್ತಿಗಳನ್ನು ಕೊಂಡಿಟ್ಟನು. ಎಂಟು ಹತ್ತು ವರ್ಷಗಳಲ್ಲಿ ಅದಕ್ಕೆ ಐವತ್ತು ಲೂಯಿ ನಾಣ್ಯಗಳಾದರೂ ಖರ್ಚಾಗಿರಬೇಕೆಂದು ಲೆಕ್ಕ ಹೇಳಿದ್ದಾನೆ. ಆ ದೊಡ್ಡ ಮೊತ್ತವನ್ನು ತೆತ್ತವನು ಸಿರಿವಂತನಲ್ಲವೆಂಬುದನ್ನು ನೆನೆಯಬೇಕು.

ಅದೇ ಸಂದರ್ಭದಲ್ಲಿ, ಇವನು ಆರು ತಿಂಗಳಿಗಿಂತ ಹೆಚ್ಚು ಬದುಕಲಾರನೆಂದು ವೈದ್ಯನೊಬ್ಬ ನುಡಿದ ಮಾತು ಅವನ ಕಿವಿಗೆ ಬಿದ್ದಿತು. ಆ ಮಾತು ಸುಳ್ಳಾಯಿತು. ಅವನು ಮುಂದೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಬದುಕಿದನು. ಆದರೆ ಆ ಸುಳ್ಳು ಭವಿಷ್ಯವೇ ಅವನ ಬಾಳನ್ನು ತಿರುಗಿಸಿತು. ಇರುವುದು ಆರೇ ತಿಂಗಳಾದರೆ ಪರರ ಖಜಾನೆಯನ್ನು ಕಾಯುತ್ತ ಅದನ್ನು ಕಳೆಯುವುದೇಕೆಂದು ಅವನು ಕೆಲಸವನ್ನು ಬಿಟ್ಟನು. ಸಂಗೀತದ ಹಸ್ತಪ್ರತಿಗಳನ್ನು ನಕಲು ಮಾಡಿ ಪುಟಕ್ಕಿಷ್ಟೆಂದು ಕೂಲಿ ಪಡೆದು ಬದುಕುವೆನೆಂದು ನಿಶ್ಚಯಿಸಿದನು. ಜರಿಯ ಉಡುಪು, ಬಿಳಿಯ ಕಾಲುಚೀಲ, ಸೊಂಟದ ಕತ್ತಿಗಳನ್ನು ತೊರೆದನು, ಗಡಿಯಾರವನ್ನು ಮಾರಿದನು. ಸರಳಜೀವನದ ಈ ವ್ರತವನ್ನು ಜನರು ತತ್ತ್ವಜ್ಞಾನಿಯ ಬೆಡಗೆಂದು ನಕ್ಕರು. ಅದರ ಹಿಂದೆ ಸಾವಿನ ಗಡುವನ್ನು ಕೇಳಿದ ರೋಗಿಯೊಬ್ಬನಿದ್ದುದು ಅವರಿಗೆ ತಿಳಿಯಲಿಲ್ಲ.

1752ರ ಅಕ್ಟೋಬರ್ 18ರಂದು ಫಾಂಟೆನ್‌ಬ್ಲೋ ಅರಮನೆಯಲ್ಲಿ ಹದಿನೈದನೆಯ ಲೂಯಿ ದೊರೆಯ ಮುಂದೆ ಅವನ ಗೀತನಾಟಕ ಪ್ರದರ್ಶಿತವಾಯಿತು. ಅದರ ಹೆಸರಿಗೆ ‘ಹಳ್ಳಿಯ ಜೋಯಿಸ’ ಎಂದರ್ಥ. ಸಭೆ ಮೆಚ್ಚಿತು, ದೊರೆ ಮೆಚ್ಚಿದನು. ಮರುದಿನ ದೊರೆಯ ದರ್ಶನಕ್ಕೆ ಬರಬೇಕೆಂದು ಕರೆ ಬಂದಿತು. ವರ್ಷಾಶನವೊಂದು ದೊರೆಯುವುದೆಂದು ಎಲ್ಲರೂ ನಂಬಿದ್ದರು. ಆ ರಾತ್ರಿ ರೂಸೋವಿಗೆ ನಿದ್ರೆ ಬರಲಿಲ್ಲ. ಅವನ ಮೊದಲ ಚಿಂತೆ ಭಾಷಣದ್ದಲ್ಲ, ಬಿನ್ನಹದ್ದಲ್ಲ. ಪದೇ ಪದೇ ಹೊರಗೆ ಹೋಗಬೇಕಾಗುವ ತನ್ನ ದೇಹದ್ದು. ಅಂದಿನ ಪ್ರದರ್ಶನದ ವೇಳೆಯಲ್ಲಿಯೇ ಅದರಿಂದ ಬಹಳ ಬಾಧೆಪಟ್ಟಿದ್ದನು. ದೊರೆ ಹಾದುಬರುವ ಮೊಗಸಾಲೆಯಲ್ಲಿ, ದೊಡ್ಡವರ ನಡುವೆ ಗಂಟೆಗಟ್ಟಲೆ ನಿಂತಿರುವಾಗ ಹಾಗಾದರೆ ಏನು ಮಾಡುವುದು? ಇದರ ಜೊತೆಗೆ ಸಂಕೋಚವೂ, ವರ್ಷಾಶನ ಪಡೆದವನ ನಾಲಿಗೆ ಕಟ್ಟಿಹೋಗುವುದೆಂಬ ಆಲೋಚನೆಯೂ ಸೇರಿದವು. ಬೆಳಗಾಗುತ್ತಲೇ ಅರಮನೆಯಿಂದ ಹೊರಟುಹೋದನು. ಸ್ನೇಹಿತ ದಿದೆರೋ ವರ್ಷಾಶನವನ್ನು ಕಳೆದುಕೊಂಡುದಕ್ಕಾಗಿ ಗದರಿಸಿದನು. ಸ್ವಾತಂತ್ರ್ಯಪ್ರೇಮದಿಂದ ರಾಜಾಶ್ರಯವನ್ನು ಒದ್ದವನೆಂದು ಈ ಪ್ರಸಂಗವನ್ನು ಹೊಗಳುವುದುಂಟು. ಆ ಪ್ರೇಮ ನಿಜವೇ. ಆದರೆ ಮೂತ್ರಕೋಶದ ಅಂಕೆಯಲ್ಲಿರುವವನಿಗೆ ರಾಜಸಭೆಯೆಂಬುದು ಎಂಥ ಶಿಕ್ಷೆಯೆಂಬುದನ್ನು ಅಂಥ ರೋಗವನ್ನು ಅನುಭವಿಸಿದವರೇ ಬಲ್ಲರು.

1756ರಲ್ಲಿ ಅವನು ಪ್ಯಾರಿಸ್ಸನ್ನು ಬಿಟ್ಟು ಹಳ್ಳಿಗಾಡಿಗೆ ಬಂದನು. ಮುಂದಿನ ವರ್ಷದ ಕೊನೆಯಿಂದ ಮೊಂಮೊರಾನ್ಸಿ ಎಂಬಲ್ಲಿ ನೆಲಸಿದನು. ಅವನ ಮಹಾಕೃತಿಗಳು ಈ ಅವಧಿಯಲ್ಲಿ ಸಿದ್ಧವಾದವು. 1761ರಲ್ಲಿ ‘ಜೂಲಿ’ ಕಾದಂಬರಿಯೂ, 1762ರಲ್ಲಿ ‘ಸಾಮಾಜಿಕ ಒಪ್ಪಂದ’ವೂ ‘ಎಮಿಲ್’ ಗ್ರಂಥವೂ ಬೆಳಕುಕಂಡವು. ಬೇನೆಯೂ ಜೊತೆಯಲ್ಲಿಯೇ ಬೆಳೆಯುತ್ತಿದ್ದಿತು. ತನ್ನಲ್ಲಿ ಕಲ್ಲು ಬೆಳೆದಿದೆಯೆಂಬ ಭೀತಿ ಅವನನ್ನು ಹಗಲಿರುಳು ಸುಡುತ್ತಿದ್ದಿತು. ಬತ್ತಿಯೊಂದರ ತುದಿ ಒಳಗೇ ಮುರಿದುಹೋಗಿದ್ದು ಈ ಭೀತಿಯನ್ನು ಇಮ್ಮಡಿಸಿತು. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಕಲ್ಲನ್ನು ತೆಗೆಯುವುದೆಂದರೆ ಎಚ್ಚರವಿರುವಂತೆಯೇ ಕೊಯ್ಯಿಸಿಕೊಳ್ಳುವುದು. ಹಿತೈಷಿಯಾದ ಲಕ್ಸಂಬೂರ್ ಎಂಬ ಸೇನಾಧಿಪತಿ ಕೊನೆಗೆ ಕೋಮ್ ಎಂಬ ಕ್ರೈಸ್ತ ಸಂನ್ಯಾಸಿಯನ್ನು ಕರೆತಂದನು. ಕಲ್ಲು ತೆಗೆಯುವುದರಲ್ಲಿ ಆ ಸಂನ್ಯಾಸಿ ಫ್ರಾನ್ಸಿಗೆಲ್ಲ ಪ್ರಸಿದ್ಧನಾಗಿದ್ದನು.

ಕೋಮ್ ಬಹು ಸಣ್ಣದಾದ ಶಲಾಕೆಯಿಂದ ಪರೀಕ್ಷಿಸಿದನು. ಎರಡು ಗಂಟೆಗೂ ಮಿಗಿಲಾಗಿ ಆ ಯಾತನೆ ನಡೆಯಿತು. ಮೊದಲ ಬಾರಿಗೆ ದೊಡ್ಡ ಕಲ್ಲಿದೆಯೆಂದು ತೋರಿತು. ಮತ್ತೆ ನೋಡಿದಾಗ ಇರಲಿಲ್ಲ. ಕೊನೆಗೆ, ಕಲ್ಲಿಲ್ಲ, ಮೂತ್ರಕೋಶ ದೊಡ್ಡದಾಗಿದ್ದರೂ ಸುಸ್ಥಿತಿಯಲ್ಲಿದೆ, ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಗಟ್ಟಿಯಾಗಿದೆ ಎಂದು ತಿಳಿಸಿದನು. ಬಹಳ ನೋವು ಪಡಬೇಕಾದೀತು, ಬಹುಕಾಲ ಬದುಕಲೂ ಆದೀತು ಎಂದು ಮುಚ್ಚುಮರೆಯಿಲ್ಲದೆ ಹೇಳಿದನು. ಔಷಧ ಕೊಡಲಿಲ್ಲ, ಗುಣವಾಗುವುದೆಂಬ ಆಸೆಯನ್ನೂ ತೋರಿಸಲಿಲ್ಲ. ಆದರೂ ಅಷ್ಟು ವರ್ಷಗಳ ಚಿಕಿತ್ಸೆಯಿಂದ ದೊರೆಯದ ನೆಮ್ಮದಿ ಆ ದಿನ ರೂಸೋವಿಗೆ ದೊರೆಯಿತು. ತನಗಿಲ್ಲದ ಇಪ್ಪತ್ತು ರೋಗಗಳಿಗೆ ಚಿಕಿತ್ಸೆ ಪಡೆದವನಿಗೆ ಇರುವ ಒಂದು ರೋಗ ಯಾವ ಬಗೆಯದೆಂದು ತಿಳಿಯಿತು: ಅದು ವಾಸಿಯಾಗದು, ಕೊಲ್ಲಲೂ ಕೊಲ್ಲದು. ಅಲ್ಲಿಂದ ಮುಂದೆ ಕಲ್ಪನೆಯ ಭೂತಗಳು ದೂರವಾಗಿ, ಉಳಿದ ನಿಜವಾದ ನೋವನ್ನು ಹೆಚ್ಚು ಶಾಂತಿಯಿಂದ ತಾಳಿಕೊಂಡೆನೆಂದು ಅವನು ಬರೆದಿದ್ದಾನೆ.

1762ರ ಜೂನ್ ತಿಂಗಳಲ್ಲಿ ‘ಎಮಿಲ್’ ಗ್ರಂಥಕ್ಕಾಗಿ ಅವನನ್ನು ಸೆರೆಹಿಡಿಯಲು ಪ್ಯಾರಿಸ್ಸಿನ ನ್ಯಾಯಸಭೆ ಆಜ್ಞೆ ಮಾಡಿತು. ಜಿನೀವಾದಲ್ಲಿಯೂ ಅವನ ಪುಸ್ತಕಗಳನ್ನು ಸುಟ್ಟರು. ಅವನು ಓಡಿಹೋಗಿ, ಪ್ರಷ್ಯದ ದೊರೆಗೆ ಸೇರಿದ್ದ ನ್ಯೂಷಾತೆಲ್ ಸೀಮೆಯ ಮೋತ್ಯೇ ಎಂಬ ಬೆಟ್ಟದೂರಿನಲ್ಲಿ ನೆಲಸಿದನು. ಅಲ್ಲಿ ಆರ್ಮೇನಿಯದವರಂತೆ ನಿಲುವಂಗಿಯನ್ನೂ ತುಪ್ಪುಳದ ಟೋಪಿಯನ್ನೂ ಧರಿಸತೊಡಗಿದನು. ಜನ ಇದನ್ನೂ ಬೆಡಗೆಂದೇ ಬಗೆದರು. ಮೇಲಿಂದ ಮೇಲೆ ಶಲಾಕೆಯನ್ನು ಬಳಸಬೇಕಾದವನಿಗೆ ಬಿಗಿಯಾದ ಚಲ್ಲಣಕ್ಕಿಂತ ಸಡಿಲವಾದ ನಿಲುವಂಗಿಯೇ ಹಿತವೆಂಬುದು ಅದರ ಕಾರಣ. ಊರಿನ ಪಾದ್ರಿಯ ಒಪ್ಪಿಗೆ ಕೇಳಿಯೇ ಅವನು ಅದನ್ನು ಉಟ್ಟನು. 1766ರಲ್ಲಿ ಲಂಡನ್ನಿನಲ್ಲಿ ಆಲನ್ ರ್‍ಯಾಮ್ಸೆ ಬರೆದ ಪ್ರಸಿದ್ಧ ಚಿತ್ರದಲ್ಲಿ ರೂಸೋ ಇದೇ ವೇಷದಲ್ಲಿದ್ದಾನೆ. ಆ ಚಿತ್ರವನ್ನು ನೋಡುವವರಲ್ಲಿ ಅದು ರೋಗಿಯ ಉಡುಪೆಂದು ಅರಿಯುವವರು ಕಡಮೆ.

ಮೋತ್ಯೇಯಲ್ಲಿ 1763ರ ಜನವರಿ 29ರಂದು ಅವನು ಉಯಿಲು ಬರೆದನು. ಅದರೊಡನೆ ತನ್ನ ಬೇನೆಯ ವಿವರವನ್ನೂ ಸೇರಿಸಿದನು. ಮೂತ್ರ ಎಂದೂ ಧಾರೆಯಾಗಿ ಹೋಗುವುದಿಲ್ಲ, ಎಂದೂ ಪೂರ್ತಿಯಾಗಿ ನಿಲ್ಲುವುದೂ ಇಲ್ಲ. ತೀರಿಸಿದರೂ ತೀರದ ಒತ್ತಡವೊಂದು ಸದಾ ಇದ್ದೇ ಇರುತ್ತದೆ. ಸ್ನಾನ, ಮೂತ್ರವರ್ಧಕಗಳು ಬೇನೆಯನ್ನು ಹೆಚ್ಚಿಸಿದವು, ರಕ್ತ ತೆಗೆಸಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ದೇಹವನ್ನು ಗುಣಪಡಿಸಲಾರದ ವೈದ್ಯರು ತನ್ನ ಮನಸ್ಸನ್ನು ಗುಣಪಡಿಸಲು ಹೊರಟರು. ಇಂಥ ವಿವರಗಳನ್ನು ಬರೆದು, ತಾನು ಸತ್ತ ಮೇಲೆ ಕುಶಲರಾದವರು ದೇಹವನ್ನು ತೆರೆದು ರೋಗದ ನೆಲೆಯನ್ನು ಕಾಣಬೇಕು, ಅದರಿಂದ ಲೋಕಕ್ಕೆ ಉಪಕಾರವಾಗಬೇಕು ಎಂದು ಬಿನ್ನವಿಸಿಕೊಂಡನು. ತನ್ನ ಮಾತು ನಿಜವೆಂಬುದಕ್ಕೆ ತನ್ನ ದೇಹವನ್ನೇ ಸಾಕ್ಷಿಯಾಗಿ ಇಟ್ಟನೆಂದರೂ ಸಲ್ಲುವುದು. ಇಂಥ ಸಾಕ್ಷಿ ಬೇಕಾಗಿಯೂ ಇದ್ದಿತು. 1764ರ ಕೊನೆಯಲ್ಲಿ ಹೆಸರಿಲ್ಲದ ಕರಪತ್ರವೊಂದು ಹೊರಬಂದು, ಮಕ್ಕಳನ್ನು ತೊರೆದುದನ್ನು ಬಯಲುಮಾಡಿದ್ದಲ್ಲದೆ ಅವನದು ದುರ್ನಡತೆಯಿಂದ ಬಂದ ರೋಗವೆಂದೂ ಹಳಿಯಿತು. ಅದನ್ನು ಬರೆದವನು ವಾಲ್ಟೇರ್. ಅಂಥ ರೋಗ ತನ್ನನ್ನು ಎಂದೂ ಮುಟ್ಟಿಲ್ಲವೆಂದು ರೂಸೋ ಅಚ್ಚಿನಲ್ಲಿಯೇ ಉತ್ತರ ಕೊಟ್ಟನು. ತನ್ನ ಬಾಳನ್ನು ತಾನೇ ಮುಚ್ಚುಮರೆಯಿಲ್ಲದೆ ಬರೆಯಬೇಕೆಂಬ ಸಂಕಲ್ಪ ಗಟ್ಟಿಯಾದುದಕ್ಕೆ ಈ ಪೆಟ್ಟೂ ಒಂದು ಕಾರಣ.

1765ರಲ್ಲಿ ಮೋತ್ಯೇಯ ಜನ ಮನೆಗೆ ಕಲ್ಲೆಸೆದುದರಿಂದ ಅಲ್ಲಿಂದಲೂ ಹೊರಟನು. ಇಂಗ್ಲೆಂಡಿನಲ್ಲಿ ಆಶ್ರಯ ಕೊಡಿಸಿದ ಡೇವಿಡ್ ಹ್ಯೂಮನೊಡನೆ ಜಗಳವಾಯಿತು. ಎಲ್ಲೆಲ್ಲಿಯೂ ವೈರಿಗಳೇ ಇದ್ದಾರೆಂಬ ಶಂಕೆ ಬೆಳೆಯಿತು. 1770ರಲ್ಲಿ ಪ್ಯಾರಿಸ್ಸಿಗೆ ಹಿಂದಿರುಗಿ, ಬೆಳಗ್ಗೆ ಸಂಗೀತದ ನಕಲು, ಮಧ್ಯಾಹ್ನ ಗಿಡಮೂಲಿಕೆಗಳನ್ನು ಹುಡುಕುತ್ತ ತಿರುಗಾಟ, ಹೀಗೆ ದಿನಗಳನ್ನು ಕಳೆದನು. ಆರು ತಿಂಗಳ ಗಡುವು ಕೇಳಿ ಹಿಡಿದ ಕಸಬು ಮುಪ್ಪಿನಲ್ಲಿಯೂ ಅನ್ನ ಕೊಟ್ಟಿತು. 1778ರ ಜುಲೈ 2ರಂದು ಎರ್ಮನೊನ್ವಿಲ್ ಎಂಬಲ್ಲಿ ಅರವತ್ತಾರನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡನು.

ಮರುದಿನ ಅವನ ಇಚ್ಛೆಯಂತೆ ದೇಹವನ್ನು ತೆರೆದು ನೋಡಿದರು. ಮೂತ್ರಪಿಂಡ, ಮೂತ್ರಕೋಶ, ನಾಳಗಳಲ್ಲಿ ರೋಗಕ್ಕೆ ಕಾರಣವಾದದ್ದೇನೂ ಕಾಣಲಿಲ್ಲ. ಇಷ್ಟರಿಂದಲೇ ಅವನ ನೋವೆಲ್ಲ ಭ್ರಮೆಯೆಂದು ತೀರ್ಪು ಕೊಡಬಹುದಾಗಿದ್ದಿತು. ಪರೀಕ್ಷಿಸಿದವರು ಹಾಗೆ ಮಾಡಲಿಲ್ಲ. ಮೂತ್ರಕೋಶದ ಕೊರಳಿನ ಅಥವಾ ಅದರ ಸುತ್ತಲಿನ ಭಾಗಗಳ ಸೆಡೆತದಿಂದಲೋ, ಪ್ರಾಸ್ಟೇಟ್ ಗ್ರಂಥಿಯ ಹಿಗ್ಗುವಿಕೆಯಿಂದಲೋ ನೋವು ಬಂದಿದ್ದು, ವಯಸ್ಸಾಗಿ ದೇಹ ಕೃಶವಾದಂತೆ ಅದು ಅಳಿದಿರಬಹುದೆಂದು ಬರೆದಿಟ್ಟರು.

ಅವನ ರೋಗ ಇಂಥದೇ ಎಂದು ಈಗ ನಿರ್ಣಯಿಸಲು ಬರುವಂತಿಲ್ಲ. ಪಂಡಿತರು ಬೇರೆ ಬೇರೆ ಹೆಸರುಗಳನ್ನು ಸೂಚಿಸಿದ್ದಾರೆ. ಆದರೆ ಸೋಂಕಿಲ್ಲದೆ, ಕಲ್ಲಿಲ್ಲದೆ, ಮೂತ್ರಕೋಶದಲ್ಲಿ ನೋವೂ ಒತ್ತಡವೂ ಹಗಲಿರುಳು ಕಾಡುವ ದೀರ್ಘವ್ಯಾಧಿಯೊಂದು ಉಂಟೆಂದು ಇಂದಿನ ವೈದ್ಯಶಾಸ್ತ್ರ ಒಪ್ಪುತ್ತದೆ. ಅದಕ್ಕೆ ‘ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್’ ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದಿತು. ಹೆಂಗಸರಲ್ಲಿ ಅದು ಹೆಚ್ಚು. ಬಹುಮಂದಿಯಲ್ಲಿ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇರುತ್ತವೆ. ಬೇರೆ ರೋಗಗಳಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಇದನ್ನು ಗುರುತಿಸುತ್ತಾರೆ. ಎಲ್ಲರಿಗೂ ಒಗ್ಗುವ ಒಂದು ಮದ್ದು ಇದಕ್ಕಿಲ್ಲ. ಕಾಫಿ, ಹುಳಿ, ಖಾರಗಳಲ್ಲಿ ಯಾವುದು ಕೆರಳಿಸುವುದೆಂದು ನೋಡಿ ಬಿಡುವುದು, ಹೊರಗೆ ಹೋಗುವ ಅಂತರವನ್ನು ಮೆಲ್ಲಗೆ ಹೆಚ್ಚಿಸುವುದು, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮ, ನೋವು ತಗ್ಗಿಸುವ ಗುಳಿಗೆ, ಮೂತ್ರಕೋಶದೊಳಕ್ಕೇ ಔಷಧ ಬಿಡುವುದು, ಇವುಗಳಲ್ಲಿ ಒಂದೆರಡು ಒಬ್ಬೊಬ್ಬರಿಗೆ ಹಿತವಾಗುತ್ತವೆ. ಚಿಕಿತ್ಸೆಯ ಮೊದಲ ಹೆಜ್ಜೆ ಮಾತ್ರ ಕೋಮ್ ಸಂನ್ಯಾಸಿ ಇಟ್ಟದ್ದೇ: ರೋಗಿಯ ಮಾತನ್ನು ನಂಬುವುದು, ಇರುವುದನ್ನು ಇದ್ದಂತೆ ತಿಳಿಸುವುದು.

‘ಕನ್‌ಫೆಷನ್ಸ್’ ಗ್ರಂಥದ ಮೊದಲ ಭಾಗ 1782ರಲ್ಲಿ, ಎರಡನೆಯ ಭಾಗ 1789ರಲ್ಲಿ ಅಚ್ಚಾದವು. 1794ರಲ್ಲಿ ರೂಸೋವಿನ ಅಸ್ಥಿಗಳನ್ನು ಮೆರವಣಿಗೆಯಲ್ಲಿ ತಂದು ಪ್ಯಾರಿಸ್ಸಿನ ಪಾಂಥಿಯಾನ್ ಮಂದಿರದಲ್ಲಿರಿಸಿದರು. ಅಂದು ಜನ ವಂದಿಸಿದ್ದು ಕ್ರಾಂತಿಗೆ ಬೀಜ ಬಿತ್ತಿದ ದಾರ್ಶನಿಕನಿಗೆ. ತನ್ನ ನೋವನ್ನು ನಾಚದೆ ಬರೆದು, ಮುಂದಿನವರ ಉಪಯೋಗಕ್ಕೆಂದು ದೇಹವನ್ನೂ ಒಪ್ಪಿಸಿದ ರೋಗಿಗೂ ಆ ವಂದನೆಯಲ್ಲಿ ಒಂದು ಪಾಲು ಸಲ್ಲಬೇಕು.