ಬಡಿತ ತಪ್ಪಿದ್ದೆಲ್ಲ ರೋಗವಲ್ಲ ಅಂತ ತೋರಿಸಿದ ಡಾಕ್ಟರು

ಎದೆ ಒಂದು ಬಡಿತ ತಪ್ಪಿದ ಹಾಗಾದರೆ ನಾವು ಹೆದರಿಬಿಡ್ತೀವಿ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಬೇರ್ಪಡಿಸೋಕೆ ಆಯಸ್ಸು ಸವೆಸಿದವರು ಜೇಮ್ಸ್ ಮೆಕೆಂಜಿ.

1853ರಲ್ಲಿ ಸ್ಕಾಟ್ಲೆಂಡಿನ ರೈತ ಕುಟುಂಬದಲ್ಲಿ ಹುಟ್ಟಿದ ಅವರು, ಎಡಿನ್‌ಬರೋದಲ್ಲಿ ಓದಿ, 1879ರಲ್ಲಿ ಇಂಗ್ಲೆಂಡಿನ ಗಿರಣಿ ಊರು ಬರ್ನ್ಲಿಯಲ್ಲಿ ಜನರಲ್ ಪ್ರಾಕ್ಟೀಸ್ ಶುರು ಮಾಡಿದರು. ಹೆರಿಗೆ ವೇಳೆ ಯುವತಿಯೊಬ್ಬರು ಹೃದಯ ಸೋತು ತೀರಿಕೊಂಡದ್ದು ಅವರನ್ನು ಕಾಡಿತು. ಅಪಾಯವನ್ನು ಮೊದಲೇ ಗುರುತಿಸೋದು ಹೇಗೆ?

ಎಂಜಿನಿಯರಿಂಗ್ ಓದಿದ ನನಗೆ ಅವರ ಉತ್ತರ ಬಹಳ ಇಷ್ಟ. ಕೈನಾಡಿ ಮತ್ತು ಕುತ್ತಿಗೆಯ ಸಿರೆಯ ಮಿಡಿತಗಳನ್ನು ಒಂದೇ ಕಾಗದದ ಮೇಲೆ ಗೀಚುವ ಪಾಲಿಗ್ರಾಫ್ ರೂಪಿಸಿದರು. ಆಮೇಲೆ ಅದೇ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಊರಿನ ಡಾಕ್ಟರಿಗೆ ಮಾತ್ರ ಸಿಗುವ ಅವಕಾಶ ಅದು. ನಡುವೆ ನುಸುಳುವ ಹೆಚ್ಚುವರಿ ಬಡಿತ ಬಹುಪಾಲು ನಿರಪಾಯ ಅಂತ ಗೊತ್ತಾಯ್ತು. ಸುಮ್ಮನೆ ಹಾಸಿಗೆ ಹಿಡಿಸಿದ್ದ ಎಷ್ಟೋ ಜನ ಎದ್ದು ಓಡಾಡುವಂತಾಯ್ತು.

1902ರಲ್ಲಿ ನಾಡಿಯ ಬಗ್ಗೆ ಪುಸ್ತಕ ಬಂತು, 1907ರಲ್ಲಿ ಲಂಡನ್‌ಗೆ ಹೋದರು, 1915ರಲ್ಲಿ ಸರ್ ಪದವಿ ಸಿಕ್ಕಿತು. 1925ರಲ್ಲಿ ಹೃದಯದ ಕಾಯಿಲೆಯೇ ಅವರನ್ನು ಒಯ್ದಿತು.

ಈಗ ನಮ್ಮ ಮಣಿಕಟ್ಟಿನ ವಾಚೇ ಬಡಿತ ಎಣಿಸುತ್ತೆ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ, ತಲೆಸುತ್ತಿ ಬಿದ್ದಿದ್ದಿದೆಯಾ ಅಂತ ಕೂತು ಕೇಳುವ, ನಮ್ಮನ್ನು ವರ್ಷಗಳಿಂದ ಬಲ್ಲ ಡಾಕ್ಟರು ಎಷ್ಟು ಜನರಿಗಿದ್ದಾರೆ? ಮೆಕೆಂಜಿ ಬಿಟ್ಟುಹೋದ ಯಂತ್ರಕ್ಕಿಂತ ಆ ಅಭ್ಯಾಸ ದೊಡ್ಡದು.